ಆ ವರ್ಷದ ಬಾಕಿ ರೋಜಾಗಳು

ಮಂಗಳವಾರ ಬೆಳಿಗ್ಗೆ ಮಕ್ಕಳ ಸ್ಕೂಲ್ ಬಸ್ಸು ತಿರುವು ದಾಟಿತೆಂದರೆ ನನ್ನ ಅಡುಗೆಮನೆ ಆಫೀಸಾಗುತ್ತಿತ್ತು. ಇಲಿನಾಯ್ಸ್ ರಾಜ್ಯದ ಶಾಮ್‌ಬರ್ಗಿನ ನಮ್ಮ ಅಪಾರ್ಟ್‌ಮೆಂಟಿನ ಫೋನಿಗೆ ಮಧ್ಯಾಹ್ನದವರೆಗೆ ಹೆಂಗಸರ ಹೆಲ್ಪ್‌ಲೈನಿನ ಕರೆಗಳು ತಿರುಗಿ ಬರುತ್ತಿದ್ದವು. ನಮ್ಮ ಕಡೆಯವರು, ಇಂಗ್ಲಿಷ್ ಬಾರದವರು, ಬಂದರೂ ಅಳುವಾಗ ಮರೆತುಹೋಗುವವರು, ಫೋನ್ ಮಾಡಿದರೆ ಅವರ ಮಾತನ್ನು ವಕೀಲರಿಗೋ ನರ್ಸಿಗೋ ಪೊಲೀಸಿಗೋ ಇಂಗ್ಲಿಷಿನಲ್ಲಿ ದಾಟಿಸುವುದು ನನ್ನ ಕೆಲಸ. ಸಂಬಳವಿಲ್ಲದ ಕೆಲಸ. ಗಂಡನ ವೀಸಾದ ಮೇಲೆ ಬಂದವಳಿಗೆ ಸಂಬಳ ತೆಗೆದುಕೊಳ್ಳುವ ಅನುಮತಿಯೇ ಇರಲಿಲ್ಲ. ಒಲೆಯ ಮೇಲೆ ಬೇಳೆ ಇಟ್ಟು, ಬಿಸ್ಮಿಲ್ಲಾ ಅಂದುಕೊಂಡು ಫೋನ್ ಎತ್ತುತ್ತಿದ್ದೆ. ಬೇಳೆ ಸೀಯದೆ ಕರೆ ಮುಗಿದರೆ ಅದನ್ನೂ ಅಲ್ಲಾಹನ ಒಂದು ದಯೆ ಎಂದು ಎಣಿಸುತ್ತಿದ್ದೆ. ಆಮೇಲೆ ಬಂದ ಚಳಿಗಾಲದಲ್ಲಿ ಅಂಥ ಚಿಕ್ಕ ದಯೆಗಳನ್ನು ಎಣಿಸುತ್ತಲೇ ನಾನು ಎದ್ದು ನಿಂತಿದ್ದು.

ತರಬೇತಿಯಲ್ಲಿ ನಮಗೆ ಹೇಳಿಕೊಟ್ಟದ್ದು ಇಷ್ಟು. ಕೇಳಿದ್ದನ್ನೆಲ್ಲ ದಾಟಿಸು, ಏನನ್ನೂ ಸೇರಿಸಬೇಡ, ಏನನ್ನೂ ಬಿಡಬೇಡ. ಸಲಹೆ ಕೊಡಬೇಡ. ಕರೆ ಮಾಡಿದವಳ ಮಾತು ಅವಳ ಮನೆಯವರ ಕಿವಿಗೆ ಬೀಳಬಾರದು. ಪರಿಚಯದವಳಾದರೆ ಸಂಯೋಜಕಿಗೆ ಒಪ್ಪಿಸು. ನಮ್ಮ ಸಂಯೋಜಕಿ ಪಂಜಾಬಿ ಹೆಂಗಸು, ಮಾತು ಖಡಕ್ಕು. “ನೀನು ನಲ್ಲಿ ಪೈಪು ಇದ್ದಂಗೆ. ನೀರಿಗೆ ಸಕ್ಕರೆ ಹಾಕೋದು ಪೈಪಿನ ಕೆಲಸ ಅಲ್ಲ” ಎಂದು ಹಿಂದಿಯಲ್ಲಿ ಬೈಯುತ್ತಿದ್ದಳು. ಸಕ್ಕರೆ ಹಾಕುವ ಚಾಳಿ ನನಗಿತ್ತು.

ರಂಜಾನ್ ಚಳಿಗೆ ಬಂದ ವರ್ಷ ಅದು. ಈದ್ ಮುಗಿದು ಸ್ವಲ್ಪ ದಿನವಾಗಿತ್ತು. ಫೋನ್ ಎತ್ತಿದೆ. ಆ ಕಡೆ ಉಸಿರು ಮಾತ್ರ. ಆಮೇಲೆ ಒಂದು ಹುಡುಗಿಯ ದನಿ ಇಂಗ್ಲಿಷಿನಲ್ಲಿ ಕೇಳಿತು: “ಆಂಟಿ, ನೀವೇನಾ?”

ಗುರುತು ಹತ್ತಿತು. ಮಿಷಿಗನ್ ರಾಜ್ಯದ ನಾರ್ತ್‌ವಿಲ್ಲಿನಿಂದ. ಹದಿನಾರು ವರ್ಷ. ಅವಳ ತಾಯಿ ಹರಿಹರದ ಸ್ಕೂಲಿನಲ್ಲಿ ನನಗಿಂತ ಮುಂದಿನ ಕ್ಲಾಸಿನವರು, ಅಂದಿನಿಂದ ನನಗೆ ಆಪಾ, ಅಂದರೆ ಅಕ್ಕ. ನಮ್ಮ ಮನೆಮಾತು ದಖನಿ ಉರ್ದುವಾದರೂ ನಾವಿಬ್ಬರು ಕೂತರೆ ಕನ್ನಡವೇ. ಮಕ್ಕಳಿಗೆ ತಿಳಿಯಬಾರದ್ದನ್ನೆಲ್ಲ ಅವರ ಎದುರೇ ಕನ್ನಡದಲ್ಲಿ ಆಡಿ ಮುಗಿಸುತ್ತಿದ್ದೆವು. ಆಪಾ ತಮ್ಮ ಬೇಸ್‌ಮೆಂಟಿನಲ್ಲಿ ಭಾನುವಾರ ಆ ಬಡಾವಣೆಯ ಮಕ್ಕಳಿಗೆ ಕುರಾನ್ ಓದಿಸುತ್ತಿದ್ದರು.

“ನಂಬರು ಎಲ್ಲಿ ಸಿಕ್ತು?” ಎಂದೆ.

“ನಮ್ಮನೇಲೇ. ಫೋನ್ ಪಕ್ಕ ಕಾರ್ಡ್ ಇತ್ತು.”

ಈದಿನ ದಿನ ಅವರ ಮನೆಯಲ್ಲಿ ನಾನೇ ಹಂಚಿದ ಹೆಲ್ಪ್‌ಲೈನಿನ ಕಾರ್ಡು ಅದು. ಆಪಾ ಎರಡು ಇಸಿದುಕೊಂಡಿದ್ದರು. ಭಾನುವಾರದ ತಾಯಂದಿರಿಗೆ ಕೊಡಲು ಎಂದಿದ್ದರು.

ಹುಡುಗಿ ಬಸುರಿ. ತೆಗೆಸಿಕೊಳ್ಳಬೇಕು, ಮನೆಯಲ್ಲಿ ಹೇಳಬಾರದು. ಬಲವಂತ ಆಗಿದೆಯೇ ಎಂದು ಕೇಳುವುದು ನಿಯಮ, ಕೇಳಿದೆ. ಇಲ್ಲ ಎಂದಳು. ಮುಂದೆ ನಾನು ಕೇಳಲಿಲ್ಲ. “ಅಮ್ಮಿಗೆ ಗೊತ್ತಾದ್ರೆ ಕುರಾನ್ ಕ್ಲಾಸ್ ನಿಲ್ಲಿಸಿಬಿಡ್ತಾರೆ ಆಂಟಿ. ಯಾರ ಮುಖಾನೂ ನೋಡಲ್ಲ. ನನ್ನಿಂದ ಅಮ್ಮಿ ಸತ್ತೇಹೋಗ್ತಾರೆ” ಎಂದು ಅದನ್ನೇ ಮತ್ತೆ ಮತ್ತೆ ಹೇಳಿದಳು. ನಿಯಮದಂತೆ ಸಂಯೋಜಕಿಗೆ ಒಪ್ಪಿಸಿದೆ. ಆದರೆ ಹುಡುಗಿ ನನ್ನನ್ನು ಬಿಡಲಿಲ್ಲ. “ಆಂಟಿ ಲೈನಿನಲ್ಲಿ ಇರಲಿ, ಇಲ್ಲದಿದ್ದರೆ ಮಾತಾಡಲ್ಲ” ಎಂದಳು. ಸಂಯೋಜಕಿ ಒಪ್ಪಿದಳು. “ಇರು, ಬಾಯಿ ಮುಚ್ಚಿಕೊಂಡಿರು” ಎಂದಳು.

ನನ್ನ ಮನಸ್ಸು ಇದನ್ನು ಒಪ್ಪಿತ್ತು ಎಂದು ಯಾರೂ ತಿಳಿಯಬಾರದು. ಬಸುರು ಅಂದರೆ ದುವಾ ಮಾಡಿ ಬೇಡಿಕೊಳ್ಳುವ ಸಂಗತಿ ಎಂದು ಬೆಳೆದವಳು ನಾನು. ಆ ರಾತ್ರಿಯ ನಮಾಜಿನಲ್ಲಿ ಏನು ಬೇಡಿಕೊಳ್ಳಬೇಕೆಂದೇ ತಿಳಿಯಲಿಲ್ಲ. ಹುಡುಗಿಯನ್ನು ಕಾಪಾಡು ಎಂದಷ್ಟೇ ಬೇಡಿದೆ. ಹೇಗೆ ಎಂಬುದನ್ನು ಅವನಿಗೇ ಬಿಟ್ಟೆ.

ಮಿಷಿಗನ್ನಿನ ಕಾನೂನನ್ನು ಹೆಲ್ಪ್‌ಲೈನಿನ ವಕೀಲೆ ಬಿಡಿಸಿ ಹೇಳಿದಳು. ಹದಿನೆಂಟು ತುಂಬದವಳಿಗೆ ತಂದೆ ಅಥವಾ ತಾಯಿ, ಒಬ್ಬರ ಲಿಖಿತ ಒಪ್ಪಿಗೆ ಬೇಕು. ಇಲ್ಲವೆಂದರೆ ಕೋರ್ಟು. ಅರ್ಜಿ ಹಾಕಿದರೆ ಬಾಗಿಲು ಮುಚ್ಚಿಕೊಂಡು ಜಡ್ಜ್ ವಿಚಾರಿಸುತ್ತಾರೆ. ಹುಡುಗಿಗೆ ತಿಳಿವಳಿಕೆ ಇದೆಯೆಂದೋ, ಮನೆಯವರಿಗೆ ಹೇಳದಿರುವುದೇ ಅವಳಿಗೆ ಒಳ್ಳೆಯದೆಂದೋ ಅನಿಸಿದರೆ ಅನುಮತಿ ಕೊಡುತ್ತಾರೆ. ಹೆಸರು ಹೊರಗೆ ಬರುವುದಿಲ್ಲ. ಕೇಳುವಾಗ ಸುಲಭವಾಗಿತ್ತು.

ಮೊದಲ ದಿನ ಹುಡುಗಿ ಸ್ಕೂಲ್ ತಪ್ಪಿಸಿ ಸಿಟಿ ಬಸ್ಸಿನಲ್ಲಿ ಕೋರ್ಟಿಗೆ ಹೋದಳು. ಚಳಿಗೆ ಹೀಟರು ಕೆಟ್ಟು ಕೋರ್ಟಿಗೇ ರಜೆ ಕೊಟ್ಟಿದ್ದರು. ಬಾಗಿಲಿಗೆ ಬೀಗ. ಅಷ್ಟರಲ್ಲಿ ಸ್ಕೂಲಿನ ಯಂತ್ರ ಮನೆಗೆ ಫೋನ್ ಮಾಡಿ, ನಿಮ್ಮ ಮಗು ಇವತ್ತು ಬಂದಿಲ್ಲ ಎಂದು ಆನ್ಸರಿಂಗ್ ಮಶಿನ್ನಿನಲ್ಲಿ ಹೇಳಿಬಿಟ್ಟಿತ್ತು. ತಾಯಿ ಅಂಗಡಿಗೆ ಹೋಗಿದ್ದರಂತೆ. ಇವಳು ಓಡಿಬಂದು ಆ ಸಂದೇಶ ಅಳಿಸಿಹಾಕಿದಳಂತೆ. ದಯೆ ಎಂದು ನಾನು ಎಣಿಸಿದೆ.

ಎರಡನೆಯ ಸಲ ಕೋರ್ಟಿನ ಕಾರಿಡಾರಿನಲ್ಲಿ ಅವರ ಮಸೀದಿಯ ಅಂಕಲ್ ಒಬ್ಬರು ಎದುರಾದರು. ಹೊಸದಾಗಿ ಸಿಟಿಜನ್ ಆದವರು, ಜ್ಯೂರಿ ಡ್ಯೂಟಿಗೆ ಕರೆದಿದ್ದರಂತೆ. ಎದೆಗೆ ಬ್ಯಾಡ್ಜ್ ಅಂಟಿಸಿಕೊಂಡು ಖುಷಿಯಲ್ಲಿದ್ದರು.

“ಅರೆ ಬೇಟಾ! ಸ್ಕೂಲ್ ಪ್ರಾಜೆಕ್ಟಾ? ಬಾ ಬಾ, ನಿನಗೆ ಅಮೆರಿಕದ ನ್ಯಾಯ ತೋರಿಸ್ತೀನಿ.”

ಹೌದು ಅಂಕಲ್ ಎಂದವಳು ಅವರ ಜೊತೆ ಅರ್ಧ ಗಂಟೆ ಕೂತು, ಅವರ ಥರ್ಮಾಸಿನ ಚಹಾ ಕುಡಿದು, ತನ್ನ ಸರದಿ ಬರುವ ಹೊತ್ತಿಗೆ ಬಾತ್‌ರೂಮಿಗೆ ಎಂದು ಎದ್ದು ಹೊರಗೆ ಓಡಿದಳು. ಪೇ ಫೋನಿನಿಂದ ನನಗೆ ಕರೆ. ಮಾತಿಲ್ಲ, ಹಲ್ಲು ಕಟಕಟಿಸುವ ಸದ್ದು. ನಾನು ಪ್ರವಾದಿಯ ಮೇಲಿನ ದರೂದ್ ಓದುತ್ತ ಲೈನಿನಲ್ಲಿ ನಿಂತೆ. ಕೈಯಿಂದ ಬೇರೆ ಏನೂ ಆಗುವಂತಿರಲಿಲ್ಲ.

ಮತ್ತೆ ಆ ಕೋರ್ಟಿಗೆ ಹೋಗಲು ಅವಳು ಒಪ್ಪಲಿಲ್ಲ. ಉಳಿದದ್ದು ನಾನಿದ್ದ ಇಲಿನಾಯ್ಸ್. ಇಲ್ಲೂ ಮನೆಯವರಿಗೆ ತಿಳಿಸಬೇಕೆಂಬ ಕಾನೂನು ಪುಸ್ತಕದಲ್ಲಿತ್ತು, ಆದರೆ ಕೋರ್ಟು ಅದನ್ನು ತಡೆಹಿಡಿದಿತ್ತು. ಹಾಗಾಗಿ ಗಡಿ ದಾಟಿ ಬರುತ್ತಿದ್ದ ಹುಡುಗಿಯರು ಇವಳೊಬ್ಬಳೇ ಅಲ್ಲ. ಅಂಥ ಹುಡುಗಿಯರನ್ನು ಕರೆತಂದವರನ್ನು ಶಿಕ್ಷಿಸಬೇಕೆಂಬ ಮಸೂದೆಯೊಂದು ವಾಷಿಂಗ್ಟನ್ನಿನಲ್ಲಿ ಏಳುತ್ತ ಬೀಳುತ್ತ ಇತ್ತು. ವಕೀಲೆ ನನಗೆ ನೇರವಾಗಿ ಹೇಳಿದಳು: “ಇವತ್ತಿಗೆ ಅದು ಕಾನೂನಲ್ಲ. ಆದರೂ ನೀನು ಮಿಷಿಗನ್ನಿಗೆ ಹೋಗಿ ಕಾರಿನಲ್ಲಿ ಕೂರಿಸಿಕೊಂಡು ಬರಬೇಡ. ಅವಳೇ ಬರಲಿ.”

ನನ್ನ ಗಂಡ ಕೇಳಿ ಬೆಳ್ಳಗಾದರು. “ನಮ್ಮ ಗ್ರೀನ್ ಕಾರ್ಡ್ ಫೈಲು ಇನ್ನೂ ಅವರ ಟೇಬಲ್ ಮೇಲೆ ಐತೆ. ಏರ್‌ಪೋರ್ಟಿನಾಗೆ ನಮ್ಮ ಹೆಸರು ನೋಡಿದ್ರೇ ಪಕ್ಕಕ್ಕೆ ನಿಲ್ಲಿಸ್ತಾರೆ. ಈಗ ಇದೊಂದು ಬ್ಯಾರೆ ಬೇಕಾ?”

“ಮನೆಗೆ ಬಂದ ಹುಡುಗಿಗೆ ಅನ್ನ ಹಾಕೋದು ಯಾವ ಕಾನೂನಿನಾಗೆ ತಪ್ಪು?”

“ಅನ್ನ ಅಷ್ಟೇನಾ?”

ಅವರು ಕೋಟು ಹಾಕಿಕೊಂಡು ಹೊರಗೆ ಹೋದರು. ಸಿಟ್ಟಿನಲ್ಲಿ ಹೋದರು ಎಂದುಕೊಂಡೆ. ಕಿಟಕಿಯಿಂದ ನೋಡಿದರೆ ನನ್ನ ಕಾರಿನ ಹಿಮ ಕೆರೆದು, ಚಕ್ರ ಜಾರದಿರಲೆಂದು ಸುತ್ತ ಉಪ್ಪು ಹಾಕುತ್ತಿದ್ದರು.

ಕ್ರಿಸ್‌ಮಸ್ ರಜೆಯಲ್ಲಿ ನಮ್ಮ ಮನೆಗೆ ನನ್ನ ಮಗಳ ಜೊತೆ ಇರಲು ಹೋಗುತ್ತೇನೆ ಎಂದು ಹುಡುಗಿ ಮನೆಯಲ್ಲಿ ಹೇಳಿದಳು. ತಾಯಿ ತಾವೇ ಬಸ್ ಸ್ಟೇಷನ್ನಿಗೆ ಕರೆದೊಯ್ದು ಹತ್ತಿಸಿದರು. ಗುರುವಾರ ಬೆಳಿಗ್ಗೆ ಹೊರಟ ಬಸ್ಸು, ಮಿಷಿಗನ್ ಸರೋವರದ ಅಂಚಿನಲ್ಲಿ ಹಿಮ ಬಿದ್ದು ನಿಂತು ನಿಂತು ಬಂತು. ಆ ಮಧ್ಯಾಹ್ನಕ್ಕೆ ಕ್ಲಿನಿಕ್ಕಿನಲ್ಲಿ ಹೊತ್ತು ಕೊಟ್ಟಿದ್ದರು, ಅದು ತಪ್ಪಿತು. ಸಂಯೋಜಕಿ ಎಲ್ಲೆಲ್ಲೋ ಮಾತಾಡಿ ಮರುದಿನ ಬೆಳಿಗ್ಗೆಗೆ ಸೇರಿಸಿದಳು. “ಇದೂ ತಪ್ಪಿದರೆ ಹೊಸ ವರ್ಷ ಕಳೀಬೇಕು. ಅವಳಿಗೆ ಅಷ್ಟು ಸಮಯ ಇಲ್ಲ” ಎಂದಳು.

ಬಸ್ಸಿನಿಂದ ಹುಡುಗಿ ಇಳಿದಳು. ತುಟಿ ಒಡೆದಿತ್ತು. ಕಣ್ಣಿನ ಕೆಳಗೆ ಕಪ್ಪು. ಮನೆಗೆ ಬಂದು ಸೂಪ್ ಕುಡಿದಳು, ಎರಡು ಚಮಚೆಯಾದ ಮೇಲೆ ವಾಂತಿ ಮಾಡಿಕೊಂಡಳು. ನಾನು ಇಳಿಹೊತ್ತಿನ ಅಸರ್ ನಮಾಜಿಗೆ ನಿಂತಾಗ ಸದ್ದಿಲ್ಲದೆ ಬಂದು ಪಕ್ಕದಲ್ಲಿ ಚಾಪೆ ಹಾಸಿಕೊಂಡಳು. ಮುಗಿಸಿದ ಮೇಲೆ ಎದ್ದೇಳಲಿಲ್ಲ.

“ಆಂಟಿ, ಈ ವರ್ಷ ನಾನು ಒಂದೂ ರೋಜಾ ಬಿಟ್ಟಿಲ್ಲ” ಎಂದಳು. “ಫಸ್ಟ್ ಟೈಮ್. ದಿನಾ ಇಫ್ತಾರ್ ಹೊತ್ತಲ್ಲಿ, ನಾಳೆ ನನ್ನ ರೋಜಾ ಮುರಿಯೋ ಹಾಗೆ ಮಾಡು ಅಂತ ಅಲ್ಲಾಹನ್ನ ಕೇಳ್ತಿದ್ದೆ. ಎಲ್ಲರೂ ರೋಜಾ ಪೂರ್ತಿ ಮಾಡಿಸು ಅಂತ ಕೇಳ್ತಾರೆ. ನಾನು ಮುರಿಸು ಅಂತ.”

ಓದುವವರಿಗೆ ಗೊತ್ತಿರಲಿ, ಮುಟ್ಟಿನ ದಿನಗಳಲ್ಲಿ ನಮ್ಮ ಹೆಂಗಸರು ರೋಜಾ, ಅಂದರೆ ರಂಜಾನಿನ ಉಪವಾಸ, ಹಿಡಿಯುವಂತಿಲ್ಲ. ಬಿಟ್ಟುಹೋದ ದಿನಗಳನ್ನು ಆಮೇಲೆ ಹಿಡಿದು ತೀರಿಸಬೇಕು. ಈದಿನ ದಿನ ಅಡುಗೆಮನೆಯಲ್ಲಿ ಯಾರದೆಷ್ಟು ಬಾಕಿ ಎಂಬುದೇ ಮಾತು. ನಾನು ಅವಳ ತಲೆ ಸವರಿದೆ. ಆಗಲೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ಹೊರಗೆ ಬೆಳಕು ಇಳಿಯುತ್ತಿತ್ತು. ಫೋನ್ ಬಂತು. ಆಪಾ.

“ಮುಟ್ಟಿದ್ಲೇನೆ?”

“ಬಂದ್ಲು ಆಪಾ. ಬಸ್ಸು ಲೇಟಾಯ್ತು. ಆರಾಮ ಇದ್ದಾಳೆ.”

ಆರಾಮ ಎಂದು ಹೇಳಿ ನಾಲಿಗೆ ಕಚ್ಚಿಕೊಂಡೆ. ಆಪಾ ದನಿ ತಗ್ಗಿಸಿದರು.

“ನೋಡು, ಅವಳದು ನಾಲ್ಕೈದು ರೋಜಾ ಬಾಕಿ ಐತಲ್ಲ, ಈದಿನ ದಿನ ಹೇಳಿದ್ನಲ್ಲ. ಈಗ ಹಿಡಿದು ತೀರಿಸ್ತೀನಿ ಅಂತ ಹಟ ಮಾಡಿದ್ರೆ ಬಿಡಬ್ಯಾಡ. ನಿನ್ನ ಮನ್ಯಾಗೆ ಇರೋ ತನಕ ರೋಜಾ ಬ್ಯಾಡ. ಬಂದ ಕೆಲಸ ಆಗ್ಲಿ, ಮೈ ಗಟ್ಟಿ ಆಗ್ಲಿ. ಬಿಸಿ ಹಾಲಿಗೆ ಅರಿಶಿನ ಹಾಕಿ ಕೊಡು. ಒಬ್ಬಳನ್ನೇ ಮಲಗಿಸಬ್ಯಾಡ.”

ಈದಿನ ದಿನ ಆಪಾ ಹಾಗೆಯೇ ಹೇಳಿದ್ದು ಕಣ್ಣಿಗೆ ಕಟ್ಟಿತು. ಬಿರಿಯಾನಿ ಹಂಡೆಯ ಮುಚ್ಚಳ ತೆಗೆಯುತ್ತ, ಯಾರೂ ಕೇಳದಿದ್ದರೂ, “ನನ್ನ ಮಗಳದ್ದು ಈ ವರ್ಷಾನೂ ನಾಲ್ಕೈದು ಬಾಕಿ, ಸೋಮಾರಿ, ಬೇಸಿಗೆ ಬಂದ್ರೂ ತೀರಿಸಲ್ಲ” ಎಂದಿದ್ದರು. ಎಲ್ಲರೂ ನಕ್ಕಿದ್ದೆವು. ಹುಡುಗಿ ಒಂದೂ ಬಿಟ್ಟಿಲ್ಲ. ಆ ಮನೆಯಲ್ಲಿ ಬೆಳಗಿನ ಜಾವ ಸಹರಿಯ ಊಟಕ್ಕೆ ಎಬ್ಬಿಸಿ ರೊಟ್ಟಿ ಹಾಕುತ್ತಿದ್ದವರು ಆಪಾ. ಮಗಳು ತಿಂಗಳಿಡೀ ಎದ್ದು ಕೂತದ್ದನ್ನು ಕಂಡವರು. ಯಾವ ತಾಯಿಗೆ ಅದರ ಅರ್ಥ ತಿಳಿಯುವುದಿಲ್ಲ? ತಿಳಿದೇ, ಮಗಳ ಮೇಲೆ ಹೆಂಗಸರ ಕಣ್ಣು ಬೀಳದಿರಲೆಂದು, ಇಲ್ಲದ ಬಾಕಿಯನ್ನು ಎಲ್ಲರೆದುರು ಹೇಳಿದ್ದರು.

ಫೋನ್ ಪಕ್ಕ ಕಾರ್ಡು ಇಟ್ಟದ್ದು ಯಾರೆಂಬುದೂ ಆಗ ಹೊಳೆಯಿತು.

ಒಂದು ಸಹಿ. ಅದಕ್ಕಾಗಿ ಹುಡುಗಿ ಎರಡು ಸಲ ಕೋರ್ಟಿಗೆ ಓಡಿದ್ದಳು, ಹಿಮದಲ್ಲಿ ರಾಜ್ಯ ದಾಟಿದ್ದಳು. ಸಹಿ ಹಾಕಬಹುದಾಗಿದ್ದ ಕೈ ಅದೇ ಮನೆಯಲ್ಲಿ ದಿನವೂ ಅವಳಿಗೆ ರೊಟ್ಟಿ ಬಡಿಸುತ್ತಿತ್ತು. ಇಬ್ಬರೂ ಒಬ್ಬರಿಗೊಬ್ಬರು ಹೆದರಿ ಬಾಯಿ ಮುಚ್ಚಿಕೊಂಡಿದ್ದರು.

ಏನು ಮಾಡಲಿ? ಹುಡುಗಿ ನನಗೆ ಹೇಳಿದ್ದನ್ನು ಆಪಾಗೆ ಹೇಳುವಂತಿಲ್ಲ. ಹುಡುಗಿಗೆ ಸಲಹೆ ಕೊಡುವಂತಿಲ್ಲ. ಅವಳು ಗೋಡೆಗೊರಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅಮ್ಮಿಯ ಫೋನೆಂದು ಗೊತ್ತು, ಕನ್ನಡ ಮಾತ್ರ ತಿಳಿಯದು. ಆಪಾ ಹೆಲ್ಪ್‌ಲೈನಿಗೆ ಕರೆ ಮಾಡಿ ಗುಟ್ಟು ಹೇಳಿಕೊಂಡವರಲ್ಲ. ಅವರ ಮಾತನ್ನು ದಾಟಿಸಬಾರದೆಂಬ ನಿಯಮ ನನಗಿರಲಿಲ್ಲ.

“ಒಂದು ನಿಮಿಷ ಲೈನಿನಾಗೆ ಇರ್ರಿ ಆಪಾ” ಎಂದು ರಿಸೀವರನ್ನು ಎದೆಗೆ ಒತ್ತಿಕೊಂಡೆ. ಹುಡುಗಿಯ ಕಡೆ ತಿರುಗಿ, ಕೆಲಸದ ದಿನ ಹೇಗೋ ಹಾಗೆಯೇ, ತಾಯಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ. ನಾಲ್ಕೈದು ರೋಜಾ ಬಾಕಿ. ಈಗ ಹಿಡಿಯುವುದು ಬೇಡ. ಬಂದ ಕೆಲಸ ಆಗಲಿ. ಹಾಲು. ಅರಿಶಿನ. ಒಬ್ಬಳನ್ನೇ ಮಲಗಿಸಬೇಡ. ಏನೂ ಸೇರಿಸಲಿಲ್ಲ, ಏನೂ ಬಿಡಲಿಲ್ಲ. ಸಕ್ಕರೆ ಹಾಕಲಿಲ್ಲ.

“ಬಾಕಿ? ಒಂದೂ ಇಲ್ಲ. ದಿನಾ ಅಮ್ಮಿನೇ ಎಬ್ಬಿಸ್ತಿದ್ದಿದ್ದು...” ಎಂದವಳು ಅಲ್ಲಿಗೇ ನಿಂತಳು. ಕೈ ಬಾಯಿಗೆ ಹೋಯಿತು.

ನಾನು ಕಾದೆ. ಬೇಡವೆಂದು ತಲೆಯಾಡಿಸಿದ್ದರೆ ಫೋನ್ ಇಟ್ಟುಬಿಡುತ್ತಿದ್ದೆ, ಈ ಮಾತು ಅಲ್ಲಿಗೇ ಸಾಯುತ್ತಿತ್ತು. ಅವಳು ಬಂದು ನನ್ನ ಕೈಯಿಂದ ರಿಸೀವರ್ ತೆಗೆದುಕೊಂಡಳು. “ಅಮ್ಮಿ” ಎಂದಳು. ನಾನು ನಲ್ಲಿ ತಿರುಗಿಸಿ ಪಾತ್ರೆ ತೊಳೆಯಲು ನಿಂತೆ, ಕೇಳಿಸದಿರಲಿ ಎಂದು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಅವಳು ಫೋನ್ ಇಟ್ಟು ಹೇಳಿದಳು: “ಅಮ್ಮಿ ನಾಳೆ ಬರ್ತಾರಂತೆ. ಡ್ರೈವ್ ಮಾಡ್ಕೊಂಡು.”

ಆಪಾ ಎಂದೂ ಹೈವೇ ಹತ್ತಿದವರಲ್ಲ. ಸ್ಕೂಲು, ಅಂಗಡಿ, ಮಸೀದಿ, ಅಷ್ಟೇ ಅವರ ಡ್ರೈವಿಂಗು.

ಶುಕ್ರವಾರ ಬೆಳಿಗ್ಗೆ ನನ್ನ ಗಂಡ ಬೇಗ ಎದ್ದು ಕಾರು ಬಿಸಿ ಮಾಡಿಟ್ಟರು. ಹುಡುಗಿಗೆ, “ಸೀಟ್ ಬೆಲ್ಟ್ ಹಾಕ್ಕೋ ಮಗಳೇ” ಎಂದಷ್ಟೇ ಹೇಳಿದರು. ಬಸುರು ತೆಗೆಸುವುದು ಪಾಪವೆಂದು ಕ್ಲಿನಿಕ್ಕಿನ ಮುಂದೆ ಸದಾ ಬೋರ್ಡು ಹಿಡಿದು ನಿಲ್ಲುವವರು ಅವತ್ತು ಹಿಮಕ್ಕೆ ಬಂದಿರಲಿಲ್ಲ. ಅವರೂ ದೇವರನ್ನು ಬೇಡುವವರೇ. ಬಂದಿದ್ದರೆ ಅವರ ಕೈಯ ಜಪಮಾಲೆ ಕಂಡು ನನ್ನ ಕಾಲು ಅಲ್ಲೇ ನಿಲ್ಲುತ್ತಿತ್ತೇನೋ.

ನರ್ಸು ನನ್ನನ್ನು ಹೊರಗಿಟ್ಟು ಹುಡುಗಿಯೊಬ್ಬಳನ್ನೇ ಕೂರಿಸಿ ಮಾತಾಡಿದಳು. ಯಾರಾದರೂ ಒತ್ತಾಯ ಮಾಡುತ್ತಿದ್ದಾರಾ, ಈಗಲೂ ಎದ್ದು ಹೋಗಬಹುದು ಎಂದಳಂತೆ. ಹುಡುಗಿ ಹೊರಗೆ ಬಂದು ಕೇಳಿದ್ದು ಒಂದೇ: “ಅಮ್ಮಿ ಎಲ್ಲಿದ್ದಾರೆ?”

ಆಪಾ, ನಾನು ರಾತ್ರಿ ಕೊಟ್ಟ ನಂಬರು ಹಿಡಿದು, ಕ್ಲಿನಿಕ್ಕಿಗೆ ಬಂದಿದ್ದ ಸಂಯೋಜಕಿಯ ಮೊಬೈಲಿಗೆ ಆಗಷ್ಟೇ ಫೋನ್ ಮಾಡಿದ್ದರು. ನಡುವಿನ ಇಂಡಿಯಾನಾ ರಾಜ್ಯದ ಗಡಿಯ ಹತ್ತಿರ ಟ್ರಕ್ಕು ಅಡ್ಡ ಬಿದ್ದು ರಸ್ತೆ ಮುಚ್ಚಿದ್ದರಂತೆ. ಪೆಟ್ರೋಲ್ ಹಾಕುವ ಗ್ಯಾಸ್ ಸ್ಟೇಷನ್ನಿನಲ್ಲಿ ನಿಂತಿದ್ದರು, ಅಲ್ಲಿನ ನಂಬರು ಕೊಟ್ಟಿದ್ದರು. ಯಾವಾಗ ಬಿಡುತ್ತಾರೋ ಯಾರಿಗೂ ಗೊತ್ತಿಲ್ಲ.

ನಾನು ಅದನ್ನೂ ಹಾಗೆಯೇ ಹೇಳಿದೆ. ಹುಡುಗಿ ಗಡಿಯಾರ ನೋಡಿದಳು, ಬಾಗಿಲು ನೋಡಿದಳು. ಇನ್ನು ಕಾಯಲು ಆಗುವುದಿಲ್ಲ ಎಂದು ನರ್ಸು ಮೆಲ್ಲಗೆ ಅಂದಳು. ಹುಡುಗಿ ಕೈಯ ಬಳೆ ತೆಗೆದು ನನ್ನ ಕೈಗೆ ಕೊಟ್ಟಳು. “ನಾನು ಒಳಗೆ ಹೋದೆ ಅಂತ ಅಮ್ಮಿಗೆ ಹೇಳಿ.”

ಗ್ಯಾಸ್ ಸ್ಟೇಷನ್ನಿನ ನಂಬರಿಗೆ ಮಾಡಿದೆ. ಆಪಾರನ್ನು ಕೂಗಿ ಕರೆದರು.

“ಒಳಗೆ ಹೋದ್ಲು ಆಪಾ.”

ಹಿಂದೆ ಟ್ರಕ್ಕುಗಳ ಸದ್ದು. “ನೀನು ಬಾಗಿಲ ಮುಂದೇನೇ ಕುಂತಿರು. ನೀರು ಕುಡಿಯಾಕೂ ಎದ್ದು ಹೋಗಬ್ಯಾಡ” ಎಂದರು.

ಕೂತೆ. ಬಳೆ ಮುಷ್ಟಿಯಲ್ಲಿತ್ತು. ಓದಲು ಹೋದರೆ ಚಿಕ್ಕಂದಿನಿಂದ ಬಾಯಿಪಾಠವಾದ ಕುರಾನಿನ ಸೂರಾ ನಡುವೆ ಮರೆತುಹೋಯಿತು. ಮೊದಲಿನಿಂದ ಶುರು ಮಾಡಿದೆ. ಮತ್ತೆ ಅದೇ ಜಾಗದಲ್ಲಿ ಮರೆಯಿತು. ಅಷ್ಟು ನಿರ್ಗತಿಕಳಾಗಿ ನಾನು ಎಂದೂ ಕೂತಿಲ್ಲ. ಆ ಬಾಗಿಲ ಹಿಂದೆ ನಡೆಯುತ್ತಿದ್ದುದು ಸರಿಯೋ ತಪ್ಪೋ ಎಂದು ತೀರ್ಪು ಕೊಡಲು ನಾನು ಇದನ್ನು ಬರೆಯುತ್ತಿಲ್ಲ. ನನಗೆ ಇವತ್ತಿಗೂ ಸಮಾಧಾನವಿಲ್ಲ. ಕೂತಿರು ಎಂದಿದ್ದರು, ಕೂತಿದ್ದೆ.

ಮಧ್ಯಾಹ್ನ ಹುಡುಗಿಯನ್ನು ಮನೆಗೆ ಕರೆತಂದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಹಾಲಿಗೆ ಅರಿಶಿನ ಹಾಕಿ ಕೊಟ್ಟೆ, ಕುಡಿದಳು. ಉಳಿಯಿತು, ವಾಂತಿಯಾಗಲಿಲ್ಲ.

ಸೂರ್ಯ ಮುಳುಗಿ ಮಗ್ರಿಬ್‌ನ ಹೊತ್ತು ದಾಟಿದ ಮೇಲೆ ಆಪಾರ ಕಾರು ಬಂತು. ಚಕ್ರದವರೆಗೆ ಬೂದು ಹಿಮ, ಒಂದು ಕನ್ನಡಿ ಮುರಿದಿತ್ತು. ಒಳಗೆ ಬಂದು ಕೋಟನ್ನೂ ಬಿಚ್ಚದೆ ಅಡುಗೆಮನೆಯ ಕುರ್ಚಿಯಲ್ಲಿ ಕೂತರು. ಸ್ಟೇರಿಂಗ್ ಹಿಡಿದ ಬೆರಳು ಇನ್ನೂ ಮಡಚಿಕೊಂಡೇ ಇದ್ದವು.

“ಚಹಾ ಮಾಡ್ತೀನಿ ಆಪಾ.”

“ಮೊದಲು ಒಂದು ಖರ್ಜೂರ ಕೊಡೇ. ರೋಜಾ ಇದ್ದೀನಿ.”

“ಈ ಹಿಮದಾಗೆ, ಈ ರೋಡಿನಾಗೆ? ಯಾತರ ರೋಜಾ?”

“ನಾಲ್ಕೈದು ಬಾಕಿ ಅಂತ ಅಷ್ಟು ಜನದ ಮುಂದೆ ಸುಳ್ಳು ಹೇಳಿದ್ನಲ್ಲ, ಯಾರಾದ್ರೂ ತೀರಿಸಬೇಕಲ್ಲ.” ಕಣ್ಣು ಒರೆಸಿಕೊಳ್ಳಲಿಲ್ಲ, ಹಾಗೇ ಬಿಟ್ಟರು. “ಕೇಳಿದ್ರೆ ಅವಳು ಸುಳ್ಳು ಹೇಳ್ತಿದ್ಲು. ಅವಳ ಬಾಯಾಗೆ ಸುಳ್ಳು ಬರೋದು ಬ್ಯಾಡ ಅಂತ ಕೇಳಲಿಲ್ಲ. ನಿನ್ನ ಕಾರ್ಡು ಇಟ್ಟು ಸುಮ್ಮನಾದೆ.”

“ಅಲ್ಲಿ ನಿಮ್ಮ ಸಹಿ ಒಂದಿದ್ರೆ ಸಾಕಿತ್ತು ಆಪಾ. ಹುಡುಗಿ ಕೋರ್ಟಿಗೆಲ್ಲ ಅಲೆದಳು.”

ಅವರಿಗೆ ಆ ಕಾನೂನೇ ಗೊತ್ತಿರಲಿಲ್ಲ. ಮಡಚಿದ ಬೆರಳು ಬಿಡಿಸುತ್ತ ಹೇಳಿದರು: “ಕಾಗದ ಮುಂದೆ ಇಟ್ಟಿದ್ರೆ ಹಾಕ್ತಿದ್ನೋ ಇಲ್ವೋ. ನಂಗೆ ಗೊತ್ತಿಲ್ಲ ಕಣೇ. ಸುಳ್ಳು ಹೇಳಲ್ಲ.”

ಖರ್ಜೂರದ ಡಬ್ಬಿಗೆ ಕೈ ಹಾಕಿದಾಗ ಹಿಂದೆ ಹೆಜ್ಜೆ ಸದ್ದು ಕೇಳಿತು. ಹುಡುಗಿ ಗೋಡೆ ಹಿಡಿದುಕೊಂಡು ಬಂದು ನಿಂತಿದ್ದಳು. ನಮ್ಮ ಕನ್ನಡ ಅವಳಿಗೆ ತಿಳಿದಿರಲಿಲ್ಲ. ತಾಯಿಯ ಒಣಗಿದ ತುಟಿ, ಮೇಜಿನ ಮೇಲಿನ ಖಾಲಿ ಲೋಟ, ನನ್ನ ಕೈಯ ಡಬ್ಬಿ ನೋಡಿದಳು. ರಂಜಾನಿನ ತಿಂಗಳಿಡೀ ಕಂಡ ನೋಟ ಅದು, ಯಾರೂ ದಾಟಿಸಿ ಹೇಳಬೇಕಾಗಿರಲಿಲ್ಲ. ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು, ಒಂದು ಖರ್ಜೂರದ ಬೀಜ ಬಿಡಿಸಿ, ತಾಯಿಯ ಬಾಯಿಗೆ ಇಟ್ಟಳು.

ಆಪಾ ಅವಳ ಮಣಿಕಟ್ಟು ಹಿಡಿದುಕೊಂಡು, ಬಿಡದೆ, ನಿಧಾನವಾಗಿ ಅಗಿದರು. ನಾನು ಲೋಟಕ್ಕೆ ನೀರು ಬಗ್ಗಿಸಿದೆ.